ಎಲ್ಲರಿಗೂ ಎಟಕುವ ವೆಬ್‌ಸೈಟ್: ತಪ್ಪು ಕಲ್ಪನೆ ಮತ್ತು ಸತ್ಯ

ತಪ್ಪು ಕಲ್ಪನೆ: ಕಣ್ಣು ಕಾಣದವರಿಗೆ ವೆಬ್‌ಸೈಟ್‌ನಿಂದ ಏನು ಪ್ರಯೋಜನ?

ಸತ್ಯ: ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶಗಳಿವೆ. ಕಂಪ್ಯೂಟರಿಗೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ, ಆಂಡ್ರಾಯ್ಡ್ ಫೋನಿಗೆ ಟಾಕ್‌ಬ್ಯಾಕ್ ಇದೆ. ಇವು ಕನ್ನಡವನ್ನೂ ಓದುತ್ತವೆ. ಮೌಸ್ ಮುಟ್ಟದೆ, ಟ್ಯಾಬ್ ಕೀಲಿ ಒತ್ತುತ್ತಲೇ ಅರ್ಜಿ ತುಂಬಿ ಕಳಿಸುವವರಿದ್ದಾರೆ.

ತಪ್ಪು ಕಲ್ಪನೆ: ಪುಟದಲ್ಲಿ ಕನ್ನಡ ಕಂಡರೆ ಸಾಕು, ಯಂತ್ರ ಓದಿಕೊಳ್ಳುತ್ತದೆ.

ಸತ್ಯ: ಹೆಚ್ಚು ಜನ ಎಡವುವುದು ಇಲ್ಲೇ. ಹಳೆಯ ನುಡಿ, ಬರಹ ಫಾಂಟುಗಳು, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡ್ ಅಲ್ಲ. ಅವುಗಳಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಒಳಗೆ ಉಳಿಯುವುದು ಇಂಗ್ಲಿಷಿನ ಪಿ, ಕ್ಯೂ, ಪೌಂಡ್ ಚಿಹ್ನೆಯಂಥವು. ಫಾಂಟು ಅವಕ್ಕೆ ಕನ್ನಡದ ರೂಪ ತೊಡಿಸುತ್ತದೆ, ಅಷ್ಟೆ. ಸ್ಕ್ರೀನ್ ರೀಡರ್ ಆ ಕಲಸುಮೇಲೋಗರವನ್ನೇ ಓದುತ್ತದೆ. ಸಹಿ, ಮೊಹರು ಹಾಕಿ ಸ್ಕ್ಯಾನ್ ಮಾಡಿದ ಸುತ್ತೋಲೆಯಂತೂ ಬರೀ ಚಿತ್ರ. ಪರೀಕ್ಷೆ ಸುಲಭ: ಪುಟದಲ್ಲಿ ಕಾಣುವ ಒಂದು ಪದವನ್ನು ಯೂನಿಕೋಡ್‌ನಲ್ಲಿ ಟೈಪಿಸಿ ಹುಡುಕಿ. ಸಿಗದಿದ್ದರೆ ಅಂಧರಿಗೂ ಅದು ಸಿಗುವುದಿಲ್ಲ.

ತಪ್ಪು ಕಲ್ಪನೆ: ಇದೆಲ್ಲ ಅಂಧರಿಗೆ ಮಾತ್ರ.

ಸತ್ಯ: ಕಿವಿ ಕೇಳದವರಿಗೆ ವಿಡಿಯೊದಲ್ಲಿ ಸಬ್‌ಟೈಟಲ್ ಬೇಕು, ಕೈ ನಡುಗುವವರಿಗೆ ದೊಡ್ಡ ಬಟನ್ ಬೇಕು. ಮಂದದೃಷ್ಟಿಯವರಿಗಾಗಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರಷ್ಟು ಕಾಂಟ್ರಾಸ್ಟ್ ಇರಬೇಕೆಂದು ವೆಬ್‌ಸೈಟ್ ಎಲ್ಲರಿಗೂ ಎಟಕುವಂತಿರಲು ರೂಪಿಸಿದ ಡಬ್ಲ್ಯುಸಿಎಜಿ ಮಾನದಂಡ ಹೇಳುತ್ತದೆ. ಬಿಳಿಯ ಮೇಲೆ ತಿಳಿಬೂದು ಅಕ್ಷರ ಬಿಸಿಲಲ್ಲಿ ಯಾರಿಗೂ ಕಾಣದು.

ತಪ್ಪು ಕಲ್ಪನೆ: ಒಂದು ಪ್ಲಗಿನ್ ಹಾಕಿದರೆ ಕೆಲಸ ಮುಗಿಯಿತು.

ಸತ್ಯ: ಬಟನ್‌ಗೆ ಹೆಸರು ಕೊಡದಿದ್ದರೆ ಸ್ಕ್ರೀನ್ ರೀಡರ್ ‘ಬಟನ್, ಬಟನ್’ ಎನ್ನುತ್ತಾ ಹೋಗುತ್ತದೆ, ಹಣ ಕಟ್ಟುವುದು ಯಾವುದು, ರದ್ದು ಮಾಡುವುದು ಯಾವುದು ಎಂದು ತಿಳಿಯದು. ಬಟನ್‌ನ ಹೆಸರು, ಚಿತ್ರದ ವಿವರಣೆ ಇವನ್ನು ಪ್ಲಗಿನ್‌ಗೆ ಬಿಡದೆ ಸೈಟ್ ಕಟ್ಟುವಾಗಲೇ ಬರೆಯಬೇಕು. ತನ್ನ ಪ್ಲಗಿನ್ ಎಲ್ಲವನ್ನೂ ಸರಿಪಡಿಸುತ್ತದೆ ಎಂದು ದಾರಿ ತಪ್ಪಿಸಿದ ಆರೋಪದ ಮೇಲೆ ಒಂದು ಕಂಪನಿಗೆ 10 ಲಕ್ಷ ಡಾಲರ್ ಕಟ್ಟುವಂತೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶಿಸಿತು.

ತಪ್ಪು ಕಲ್ಪನೆ: ಮಾಡಿದರೆ ಪುಣ್ಯ, ಬಿಟ್ಟರೆ ನಷ್ಟವಿಲ್ಲ.

ಸತ್ಯ: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸರ್ಕಾರಿ, ಖಾಸಗಿ ಸೇವೆಗಳೆರಡಕ್ಕೂ ಅನ್ವಯಿಸುತ್ತದೆ. ಆ್ಯಸಿಡ್ ದಾಳಿಗೆ ತುತ್ತಾದವರು ಗುರುತು ದೃಢಪಡಿಸುವ ಇ-ಕೆವೈಸಿಗಾಗಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದರು. 2025ರ ಏಪ್ರಿಲ್ 30ರಂದು ಕೋರ್ಟ್, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದಿತು. ಕಣ್ಣು ಮಿಟುಕಿಸುವುದರ ಬದಲು ಬೇರೆ ದಾರಿ ಕೊಡಿ ಎಂದೂ ಸೂಚಿಸಿತು.