ಸೈರನ್ ಕೇಳಿಸುವ ಮೊದಲು

ಹೃದಯ ಸ್ತಂಭನವಾಗಿ ಕುಸಿದವರ ಮಿದುಳಿಗೆ ನಾಲ್ಕೈದು ನಿಮಿಷದಲ್ಲೇ ಹಾನಿ ಶುರುವಾಗುತ್ತದೆ. ಎದೆ ಒತ್ತುವವರು ಯಾರೂ ಇಲ್ಲದಿದ್ದರೆ, ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಕುಗ್ಗುತ್ತ ಹೋಗುತ್ತದೆ. ಆಗುಂಬೆ ಘಾಟಿಯ ತಿರುವುಗಳನ್ನು ಏರಿ ಬರಬೇಕಾದ ಆಂಬುಲೆನ್ಸ್ ಈ ಲೆಕ್ಕವನ್ನು ಗೆಲ್ಲುವುದು ಕಷ್ಟ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡ ಆಂಬುಲೆನ್ಸಿಗೂ ಅಷ್ಟೇ ಕಷ್ಟ.

ರೋಗಿಯನ್ನು ಆಸ್ಪತ್ರೆಗೆ ಸಾಗಿಸುವ ಬದಲು ಆಸ್ಪತ್ರೆಯನ್ನೇ ರೋಗಿಯ ಬಳಿಗೆ ಒಯ್ದರೆ? 1966ರಲ್ಲಿ ಬೆಲ್‌ಫಾಸ್ಟ್‌ನ ಹೃದ್ರೋಗ ತಜ್ಞ ಫ್ರಾಂಕ್ ಪ್ಯಾಂಟ್ರಿಜ್ ಮಾಡಿದ್ದು ಇದನ್ನೇ. ಹೃದಯಾಘಾತದ ಸಾವುಗಳಲ್ಲಿ ಬಹುಪಾಲು ಆಸ್ಪತ್ರೆಯ ಬಾಗಿಲು ಮುಟ್ಟುವ ಮೊದಲೇ ಆಗುತ್ತಿದ್ದುದು ಅವರನ್ನು ಕಾಡುತ್ತಿತ್ತು. ವಿದ್ಯುತ್ ಆಘಾತ ಕೊಟ್ಟು ಹೃದಯದ ಲಯ ಸರಿಪಡಿಸುವ ಡಿಫಿಬ್ರಿಲೇಟರನ್ನು ಕಾರಿನ ಬ್ಯಾಟರಿಯಿಂದ ನಡೆಯುವಂತೆ ಮಾಡಿ, ಆಂಬುಲೆನ್ಸಿಗೆ ಏರಿಸಿದರು. ತೂಕ ಸುಮಾರು 70 ಕಿಲೋ! ಅದೇ ಸಾಧನ ಇವತ್ತು ಕೈಚೀಲದಷ್ಟಾಗಿ ವಿಮಾನ ನಿಲ್ದಾಣಗಳ ಗೋಡೆಯ ಮೇಲಿದೆ.

ಕರ್ನಾಟಕದಲ್ಲಿ 2008ರ ನವೆಂಬರಿನಲ್ಲಿ 108 ‘ಆರೋಗ್ಯ ಕವಚ’ ಶುರುವಾದಾಗ ಹಳ್ಳಿಗಳಿಗೆ ಸಿಕ್ಕಿದ್ದು ದೊಡ್ಡ ಧೈರ್ಯ. ಅದಕ್ಕೆ ಮೊದಲು ಜೀಪೋ ಟೆಂಪೋವೋ ಸಿಕ್ಕರೆ ಅದೃಷ್ಟ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರ ಸಲಹೆ ಪಡೆದು, ರಕ್ತನಾಳದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಡಲಾಗುತ್ತದೆ. ಇದು ನನ್ನ ಮಟ್ಟಿಗೆ ಹತ್ತು ಹೊಸ ವಾಹನ ಕೊಂಡಷ್ಟೇ ದೊಡ್ಡ ಸುಧಾರಣೆ. ಜಿಲ್ಲಾ ಕೇಂದ್ರಕ್ಕೆ ಓಡುವ ಹೊತ್ತಿನಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ.

ಆದರೆ ಹೃದಯವೇ ನಿಂತುಹೋದಾಗ ಅಷ್ಟು ಸಮಯವೂ ಇರುವುದಿಲ್ಲ. ಆಗ ಪಕ್ಕದಲ್ಲಿ ನಿಂತವರೇ ದಿಕ್ಕು. ಅಪಘಾತವಾದಾಗ ಪೊಲೀಸ್ ಠಾಣೆ, ಸಾಕ್ಷಿ, ಅಲೆದಾಟ ಎಂದು ಹಿಂಜರಿಯುವವರಿಗೆ ಕಾನೂನು ಅಭಯ ಕೊಟ್ಟಿದೆ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು ರಸ್ತೆ ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರನ್ನು ರಕ್ಷಿಸುತ್ತದೆ. ಇದು ಬಸ್ ನಿಲ್ದಾಣದ ಚಹಾದಂಗಡಿಯವರಿಗೂ ಗೊತ್ತಿರಬೇಕು.

ಏನು ಮಾಡಬೇಕೆಂದು ಗೊತ್ತಿಲ್ಲದಿದ್ದರೆ? ಅಮೆರಿಕದ ಸಿಯಾಟಲ್ ಸುತ್ತಲಿನ ಕಿಂಗ್ ಕೌಂಟಿಯಲ್ಲಿ 1980ರ ದಶಕದಿಂದಲೇ ತುರ್ತು ಕರೆ ಎತ್ತಿಕೊಂಡವರು ಫೋನಿನಲ್ಲೇ ಹೇಳಿಕೊಡುತ್ತಾರೆ. ನಮ್ಮಲ್ಲೂ ಕರೆ ಮಾಡಿದ ಪ್ರತಿಯೊಬ್ಬರ ಕಿವಿಗೂ ಕನ್ನಡದಲ್ಲೇ ಆ ದನಿ ಬೀಳಬೇಕು: ‘ಫೋನ್ ಸ್ಪೀಕರಿಗೆ ಹಾಕಿ. ಎದೆಯ ನಟ್ಟನಡುವೆ ಅಂಗೈ ಇಡಿ, ಇನ್ನೊಂದು ಕೈ ಅದರ ಮೇಲೆ. ಎರಡು ಇಂಚು ತಗ್ಗುವಂತೆ ಒತ್ತಿ, ಬಿಡಿ. ನಿಮಿಷಕ್ಕೆ ನೂರರ ಮೇಲಿರಲಿ. ನಿಲ್ಲಿಸಬೇಡಿ, ನಾನು ಎಣಿಸುತ್ತೇನೆ. ಒಂದು, ಎರಡು, ಮೂರು...’