ಗಣಪತಿ ಕೂರಿಸುವ ಹುಡುಗರಿಗೆ ಇನ್ನೊಂದು ಕೆಲಸ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆ ಯುವಕ ಸಂಘವಿಲ್ಲದ ಊರು ಸಿಗುವುದು ಕಷ್ಟ. ಗಣಪತಿಗೆ ಚಂದಾ ಎತ್ತುವವರು, ಕಬಡ್ಡಿಗೆ ಅಂಕಣ ಹಾಕುವವರು, ಹಬ್ಬಕ್ಕೆ ಪೌರಾಣಿಕ ನಾಟಕ ಆಡಿಸುವವರು ಎಲ್ಲ ಅದೇ ಹುಡುಗರು. ಎಷ್ಟೋ ಕಡೆ ಸಂಘದ ಹೆಸರಿರುವುದು ಫ್ಲೆಕ್ಸಿನ ಮೇಲೆ ಮಾತ್ರ. ಹಬ್ಬ ಮುಗಿದರೆ ಫ್ಲೆಕ್ಸ್ ಯಾರದೋ ಕೊಟ್ಟಿಗೆಯ ಸೂರಿಗೆ ಹೋಗುತ್ತದೆ, ಸಂಘ ಮುಂದಿನ ಗಣಪತಿಯವರೆಗೆ ಮಲಗುತ್ತದೆ.

ಇಂಥ ಸಂಘವನ್ನು ಕಾಯಂ ಮಾಡುವುದು ಅಂದುಕೊಂಡಷ್ಟು ಕಷ್ಟವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಲು 7 ಜನ ಸಾಕು. ಬೈಲಾ ಮತ್ತು ಸದಸ್ಯರ ಪಟ್ಟಿ ಸಿದ್ಧಪಡಿಸಿ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಅರ್ಜಿ ಕೊಟ್ಟರಾಯಿತು. ತಾಪತ್ರಯ ಶುರುವಾಗುವುದು ಆಮೇಲೆ: ವರ್ಷವರ್ಷ ಸರ್ವಸದಸ್ಯರ ಸಭೆ ನಡೆಸಬೇಕು, ನಡಾವಳಿ ಬರೆಯಬೇಕು, ಲೆಕ್ಕಪತ್ರ ಸಲ್ಲಿಸಬೇಕು. ಶಾಮಿಯಾನಕ್ಕೆಷ್ಟು, ಮೈಕ್‌ಸೆಟ್‌ಗೆಷ್ಟು, ಪ್ರಸಾದಕ್ಕೆಷ್ಟು ಎಂದು ರಸೀದಿ ಅಂಟಿಸಿ ಬರೆದಿಡುವ ಖಜಾಂಚಿಯೊಬ್ಬ ಸಿಕ್ಕರೆ ಸಂಘ ಬಾಳುತ್ತದೆ. ಭಾಷಣ ಮಾಡುವ ಅಧ್ಯಕ್ಷರು ಎಲ್ಲ ಊರಲ್ಲೂ ಸಿಗುತ್ತಾರೆ ಬಿಡಿ.

ಹಳ್ಳಿಯ ಯುವಕ, ಯುವತಿ ಮಂಡಳಿಗಳನ್ನು ಕಟ್ಟುವ ಕೆಲಸವನ್ನು 1972ರಿಂದ ಮಾಡಿಕೊಂಡು ಬಂದದ್ದು ನೆಹರು ಯುವ ಕೇಂದ್ರ. 2023ರ ಅಕ್ಟೋಬರ್ 31ರಂದು ಕೇಂದ್ರ ಸರ್ಕಾರ ‘ಮೇರಾ ಯುವ ಭಾರತ್’ ಎಂಬ ಯುವಜನರ ವೇದಿಕೆ ಶುರು ಮಾಡಿತು. 15ರಿಂದ 29 ವರ್ಷದೊಳಗಿನ ಯಾರೇ ಆದರೂ ಮೊಬೈಲಿನಲ್ಲೇ ಹೆಸರು ನೋಂದಾಯಿಸಬಹುದು. ಒಬ್ಬೊಬ್ಬರೇ ಸೇರುವುದಕ್ಕೆ ಇದು ಸಲೀಸು. ಕೆರೆ ಏರಿಯ ಮುಳ್ಳು ಕಡಿಯುವುದಕ್ಕೆ ಮಾತ್ರ ಊರಿನ ಜೊತೆಗಾರರೇ ಬೇಕು. ಕಾಲೇಜಿನಲ್ಲಿರುವವರಿಗೆ ರಾಷ್ಟ್ರೀಯ ಸೇವಾ ಯೋಜನೆ ಇದೆ. ಗಾಂಧೀಜಿ ಜನ್ಮಶತಮಾನೋತ್ಸವದ ವರ್ಷ 1969ರಲ್ಲಿ ಆರಂಭವಾದದ್ದು. ವರ್ಷಕ್ಕೆ 120 ಗಂಟೆ ಸೇವೆ, ಹಳ್ಳಿಯಲ್ಲಿ 7 ದಿನದ ಶಿಬಿರ. ಪಟ್ಟಣದ ಮಕ್ಕಳು ಚರಂಡಿಗೆ ಸಲಿಕೆ ಹಾಕುವುದನ್ನು ಊರವರು ನಿಂತು ನೋಡುವ ಶಿಬಿರಗಳೂ ಇವೆ, ಸುಳ್ಳೇಕೆ.

ಎಚ್.ಡಿ. ಕೋಟೆಯ ಕಥೆಯೇ ಬೇರೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು, ಇನ್ನೂ ವಿದ್ಯಾರ್ಥಿಗಳಾಗಿದ್ದಾಗಲೇ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಓದು ಮುಗಿಸಿ ಬಂದದ್ದು ಜೇನುಕುರುಬರ, ಕಾಡುಕುರುಬರ ಹಾಡಿಗಳ ಕಡೆಗೆ. ಇಂದು ಸರಗೂರಿನಲ್ಲಿ ಅವರ ಆಸ್ಪತ್ರೆಯಿದೆ, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆಯಿದೆ. ಶುರುವಾದಾಗ ಅದೂ ಗೆಳೆಯರ ಗುಂಪೇ.

ಊರಿನ ಯುವಕ ಸಂಘಗಳ ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಸಂಜೆ ಕತ್ತಲಾದ ಮೇಲೆ ಅರಳಿಕಟ್ಟೆಯಲ್ಲಿ ಸಭೆ ಕರೆದು, ಹುಡುಗಿಯರು ಬರುವುದಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ. ಭಾನುವಾರ ಬೆಳಿಗ್ಗೆ ಪಂಚಾಯಿತಿಯ ಗ್ರಂಥಾಲಯದಲ್ಲಿ ಸೇರಿ, ಮೊದಲ 7 ಸಹಿಗಳಲ್ಲೇ ಅವರಿಗೆ ಜಾಗ ಇಡಿ. ತಂಬಾಕು ಬೆಳೆಯುವ ಊರಾದರೆ ಸೊಪ್ಪು ಬೇಯಿಸುವ ತಿಂಗಳುಗಳನ್ನು ಬಿಟ್ಟುಬಿಡಿ. ರಾತ್ರಿಯೆಲ್ಲ ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಹಾಕಿ ಬಂದವರು ಬೈಲಾ ಓದುವುದನ್ನು ಕೇಳುತ್ತ ಕೂರಲಾರರು.