ಬ್ಯಾನ್ಶೀಯ ಜೋಡಿ ಕಾರ್ಬುರೇಟರ್

ಯಮಹಾ ಬ್ಯಾನ್ಶೀ 350. ನಾಲ್ಕು ಚಕ್ರದ ಆಫ್‌ರೋಡ್ ಗಾಡಿ, 347 ಸಿಸಿ ಟೂ-ಸ್ಟ್ರೋಕ್ ಎಂಜಿನ್, ಸಿಲಿಂಡರ್‌ಗೊಂದರಂತೆ ಎರಡು ಮಿಕುನಿ ಕಾರ್ಬುರೇಟರ್.

ಕಾರ್ಬುರೇಟರ್ ಟ್ಯೂನ್ ಮಾಡುವಾಗ ಜೆಟ್ ಬದಲಿಸೋ ಆತುರ ಬೇಡ. ಎರಡೂ ಕಾರ್ಬುರೇಟರಿನ ಸ್ಲೈಡ್ ಒಟ್ಟಿಗೆ ಏಳ್ತಾವಾ, ಮೊದಲು ಅದನ್ನ ನೋಡಿ. ಎಂಜಿನ್ ಆಫ್ ಮಾಡಿ, ಏರ್ ಫಿಲ್ಟರ್ ಕಡೆಯ ರಬ್ಬರ್ ಬಿಚ್ಚಿ, ಎರಡೂ ಸ್ಲೈಡಿಗೆ ಒಂದೊಂದು ಬೆರಳು ತಾಗಿಸಿ. ಇನ್ನೊಬ್ಬರು ಥ್ರಾಟಲ್ ನಿಧಾನವಾಗಿ ಒತ್ತಲಿ. ಒಂದು ಸ್ಲೈಡ್ ಕೂದಲೆಳೆಯಷ್ಟು ಮುಂಚೆ ಎದ್ದರೂ ಬೆರಳಿಗೆ ಗೊತ್ತಾಗುತ್ತೆ. ಕೇಬಲ್ ಅಡ್ಜಸ್ಟರ್ ತಿರುಗಿಸಿ ಸರಿಮಾಡಿ, ಲಾಕ್‌ನಟ್ ಬಿಗಿಮಾಡಿ. ಐಡ್ಲಿಂಗ್ ಆಮೇಲೆ.

ಇಷ್ಟು ಸೂಕ್ಷ್ಮ ಯಾಕೆ? ಇಲ್ಲಿ ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುತ್ತೆ. ಪೆಟ್ರೋಲ್ ಕಡಿಮೆಯಾದ ಸಿಲಿಂಡರ್‌ಗೆ ಆಯಿಲೂ ಕಡಿಮೆ. ಪಿಸ್ಟನ್ ಕಾದು ಸೀಜ್ ಆಗುತ್ತೆ. ಇದೇ ಗತಿ ಆಗೋಕೆ ಇನ್‌ಟೇಕ್ ರಬ್ಬರಿನಲ್ಲಿ ಒಂದು ಸಣ್ಣ ಬಿರುಕಿದ್ದರೂ ಸಾಕು.

ಓಡಿಸಿದ ಮೇಲೆ ಎರಡೂ ಪ್ಲಗ್ ಬಿಚ್ಚಿ ನೋಡಿ. ಕಂದು ಬಣ್ಣ ಇದ್ದರೆ ಸರಿ. ಒಂದು ಬೆಳ್ಳಗಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಆ ಕಡೆಯ ಕಾರ್ಬುರೇಟರ್ ಮತ್ತೆ ನೋಡಿ.